ಗೈರುಹಾಜರಾದ ಪ್ರತಿ, ಕೆಟ್ಟುಹೋದ ಪ್ರತಿ

ಆಳಂದ ತಾಲ್ಲೂಕಿನ ಜಿಡಗಾ ಗ್ರಾಮದ ರೈತನಿಗೆ ಪಹಣಿಯೇ ಜಮೀನಿನ ಆಧಾರ. ‘ಭೂಮಿ’ ಯೋಜನೆಯಿಂದ ಅದು ಕಾಗದವನ್ನು ಬಿಟ್ಟು ಗಣಕವನ್ನು ಸೇರಿತು. ಗಣಕದ ಡಿಸ್ಕ್ ಕೆಟ್ಟರೆ ಇಂತಹ ದಾಖಲೆಗಳ ಗತಿಯೇನು?

ಹಲವು ಗಣಕಗಳ ಡಿಸ್ಕುಗಳನ್ನು ಒಂದೇ ಕಣಜವಾಗಿ ಕೂಡಿಸುವುದು ಇದಕ್ಕೊಂದು ಉಪಾಯ. 2014ರಲ್ಲಿ ಬಂದ ವಿಎಂವೇರ್ ಸಂಸ್ಥೆಯ ವಿಸ್ಯಾನ್ ಅಂತಹುದು. ಅದರ ಸರಳ ಏರ್ಪಾಟಿನಲ್ಲಿ ದತ್ತಾಂಶದ ಎರಡು ಪ್ರತಿಗಳು ಎರಡು ಗಣಕಗಳಲ್ಲಿಯೂ, ದತ್ತಾಂಶವಿಲ್ಲದ ಪುಟ್ಟ ‘ಸಾಕ್ಷಿ’ಯೊಂದು ಮೂರನೆಯದರಲ್ಲಿಯೂ ಇರುವುವು. ಒಂದು ಪೂರ್ಣ ಪ್ರತಿಯೊಡನೆ ಅರ್ಧಕ್ಕೂ ಮಿಕ್ಕ ಮತಗಳು ದೊರೆತರೆ ಮಾತ್ರ ದತ್ತಾಂಶ ಲಭ್ಯ.

ವಿದ್ಯುತ್ತೋ ಜಾಲವೋ ಕಡಿದು ಒಂದು ಗಣಕ ಕಾಣದಾದರೆ ಅಲ್ಲಿನ ಪ್ರತಿ ‘ಗೈರುಹಾಜರು’. ಕೆಲಸದ ಮೇಲೆ ಆಳಂದಕ್ಕೆ ಹೋದವನಂತೆ ಅದು ಮರಳಬಹುದು. ಆದುದರಿಂದ ವ್ಯವಸ್ಥೆಯು ಸಾಮಾನ್ಯವಾಗಿ 60 ನಿಮಿಷ ಕಾಯುವುದು. ಮರಳಿದರೆ, ನಡುವೆ ಬದಲಾದ ಭಾಗಗಳನ್ನಷ್ಟೇ ನಕಲಿಸಿದರೆ ಸಾಕು. ಅಲ್ಲಿಯವರೆಗೆ ಅದು ‘ಹಳತು’, ನಂಬಲರ್ಹವಲ್ಲ. ಡಿಸ್ಕೇ ಶಾಶ್ವತವಾಗಿ ಕೆಟ್ಟಿದ್ದರೆ ಪ್ರತಿ ‘ಕ್ಷೀಣ’. ಕಾಯುವುದು ವ್ಯರ್ಥವಾದುದರಿಂದ ಕೂಡಲೇ ಬೇರೆಡೆ ಹೊಸ ಪ್ರತಿಯ ರಚನೆ ಮೊದಲಾಗುವುದು.

ಎರಡು ಸ್ಥಿತಿಗಳಲ್ಲಿಯೂ ಉಳಿದಿರುವುದು ಒಂದೇ ಪೂರ್ಣ ಪ್ರತಿ. ಆ ಅವಧಿಯಲ್ಲಿ ನಿರ್ವಾಹಕನು ಮತ್ತೊಂದು ಗಣಕವನ್ನು ದುರಸ್ತಿಗೆಂದು ನಿಲ್ಲಿಸಿದರೆ ದಾಖಲೆ ಕೈಗೆಟುಕದು. ಸ್ಥಿತಿಯ ಹೆಸರನ್ನು ಅರಿತು ನಡೆಯುವುದೇ ಇಲ್ಲಿ ರಕ್ಷಣೆ.