ಬಾವಂಚಿ ಬೀಜ ಮತ್ತು ಸುಕ್ಕುಗಟ್ಟುವ ಚರ್ಮ

ಗಿಡಮೂಲಿಕೆಗಳ ವಹಿವಾಟಿನಲ್ಲಿ ತೊಡಗಿರುವ ಸದಸ್ಯರಿಗೆ ಬಾವಂಚಿ ಬೀಜ ಹೊಸದಲ್ಲ. ಆಯುರ್ವೇದವು ಬಾಕುಚಿ ಎಂಬ ಹೆಸರಿನಿಂದ ತೊನ್ನಿನ ಚಿಕಿತ್ಸೆಗೆ ಬಳಸುವ ಈ ಬೀಜದಿಂದ ಬಾಕುಚಿಯಾಲ್ ಎಂಬ ಸಂಯುಕ್ತವನ್ನು ಬೇರ್ಪಡಿಸಿ 1966ರಲ್ಲಿ ವರದಿ ಮಾಡಿದವರು ಭಾರತೀಯ ರಸಾಯನಶಾಸ್ತ್ರಜ್ಞರೇ. ಇಂದು ಅದು ಸುಕ್ಕು ನಿವಾರಕ ಕ್ರೀಮುಗಳಲ್ಲಿ ರೆಟಿನಾಲ್‌ಗೆ ಪರ್ಯಾಯವೆಂದು ಮಾರಾಟವಾಗುತ್ತಿದೆ.

ಇದಕ್ಕಿರುವ ಆಧಾರವೇನು? 2019ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 44 ಮಂದಿ ಪಾಲ್ಗೊಂಡಿದ್ದರು. ಒಂದು ಗುಂಪು ಶೇ. 0.5ರ ಬಾಕುಚಿಯಾಲ್ ಕ್ರೀಮನ್ನು ದಿನಕ್ಕೆರಡು ಬಾರಿ, ಇನ್ನೊಂದು ಶೇ. 0.5ರ ರೆಟಿನಾಲ್ ಕ್ರೀಮನ್ನು ದಿನಕ್ಕೊಮ್ಮೆ, 12 ವಾರ ಲೇಪಿಸಿಕೊಂಡಿತು. ಸುಕ್ಕು, ಕಪ್ಪುಕಲೆಗಳು ಎರಡೂ ಗುಂಪುಗಳಲ್ಲಿ ತಗ್ಗಿದವು. ಸಿಪ್ಪೆ ಏಳುವುದು, ಉರಿ ರೆಟಿನಾಲ್ ಗುಂಪಿನಲ್ಲಿಯೇ ಹೆಚ್ಚು. ಫಲಿತಾಂಶ ಆಶಾದಾಯಕವೇ ಸರಿ. ಆದರೆ ಪ್ರಯೋಗ ಚಿಕ್ಕದು. ಔಷಧಾಂಶವಿಲ್ಲದ ಬರಿಯ ಕ್ರೀಮು ಹಚ್ಚಿಕೊಂಡ ಗುಂಪೂ ಅದರಲ್ಲಿರಲಿಲ್ಲ.

ಅದಕ್ಕಿಂತ ಮುಖ್ಯವಾಗಿ, ಪರೀಕ್ಷೆಗೊಳಗಾದುದು ಬೇರ್ಪಡಿಸಿದ ಸಂಯುಕ್ತವೇ ಹೊರತು ಬೀಜದ ಪುಡಿಯಲ್ಲ. ಬೀಜದಲ್ಲಿ ಸೊರಾಲೆನ್ ಸಹ ಇದೆ. ತೊನ್ನಿಗೆ ಉಪಯೋಗವಾಗುವ ಈ ಅಂಶವೇ ಬಿಸಿಲು ತಾಗಿದಾಗ ಚರ್ಮವನ್ನು ಸುಟ್ಟು ಬೊಬ್ಬೆ ಏಳಿಸಬಲ್ಲದು. ಆದ್ದರಿಂದ ಪುಡಿಯ ಡಬ್ಬಿಯ ಮೇಲೆ ಈ ಪ್ರಯೋಗದ ಫಲಿತಾಂಶವನ್ನು ಮುದ್ರಿಸುವುದು ಸಲ್ಲದು. 2020ರ ಸೌಂದರ್ಯವರ್ಧಕಗಳ ನಿಯಮಗಳು ದಾರಿತಪ್ಪಿಸುವ ಹೇಳಿಕೆಗಳನ್ನು ನಿಷೇಧಿಸಿವೆ. ಬಾವಂಚಿ ಸಾರವನ್ನು ಖರೀದಿಸುವ ತಯಾರಕರು ಪ್ರತಿ ಬ್ಯಾಚಿನ ಬಾಕುಚಿಯಾಲ್ ಪ್ರಮಾಣದೊಡನೆ ಉಳಿದಿರುವ ಸೊರಾಲೆನ್ ಪ್ರಮಾಣವನ್ನೂ ನಮೂದಿಸಿದ ವಿಶ್ಲೇಷಣಾ ಪ್ರಮಾಣಪತ್ರವನ್ನು ಕೇಳಿ ಪಡೆಯುವುದು ಒಳಿತು.