ಕಡಲಂಚಿನ ಹಂಚಿನ ಮನೆಯಲ್ಲಿ ಎರಡು ದಿನ

ಬೆಳಿಗ್ಗೆ ಪಂಚಗಂಗಾ ಎಕ್ಸ್‌ಪ್ರೆಸ್ ಇಳಿದ ಬೆಂಗಳೂರಿನವರು ಕಾರವಾರದ ಕಡಲಂಚಿನಲ್ಲಿ ಹಂಚಿನ ಮನೆಯೊಂದನ್ನು ಹುಡುಕಿಕೊಂಡು ಹೋಗುತ್ತಾರೆ. ಎರಡು ದಿನ ಜಗಲಿಯಲ್ಲಿ ಕಾಲು ಚಾಚಿ, ಬಂಗಡೆ ಸಾರು ಉಂಡು, "ಎಂಥಾ ಆರಾಮ ಮಾರಾಯ್ರೇ" ಅನ್ನುತ್ತಾ ಹೊರಡುತ್ತಾರೆ. ಅದೇ ಕಡಲಿನ ಕೂಗಳತೆಯಲ್ಲಿ ಅಂಗಡಿ ಇಟ್ಟವರನ್ನು ಕೇಳಿ ನೋಡಿ. "ಸಮುದ್ರ ನೋಡಿ ಎಷ್ಟು ದಿನ ಆಯ್ತು ರಾಯರೇ?" ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ಬೆಳಿಗ್ಗೆ ಎತ್ತಿದ ಶಟರ್ ಇಳಿಯುವುದು ರಾತ್ರಿಗೆ. ನಡುವೆ ಕಡಲು ಎಲ್ಲಿ ಬಂತು!

ಊರಿನ ಈ ಆರಾಮ ಇಂದು ನಿನ್ನೆಯದಲ್ಲ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು, ಆ ಪ್ರಾಂತದ ಜಡ್ಜರು ಕಾರವಾರಕ್ಕೆ ವರ್ಗವಾಗಿ ಬರತೊಡಗಿದರು. ಹಾಗೆ ಬಂದವರು ಸತ್ಯೇಂದ್ರನಾಥ ಟಾಗೋರ್, ಐ.ಸಿ.ಎಸ್. ಪಾಸಾದ ಮೊದಲ ಭಾರತೀಯ. 1880ರ ದಶಕದ ಆರಂಭದಲ್ಲಿ ಅಣ್ಣನ ಬಂಗಲೆಗೆ ತಮ್ಮ ರವೀಂದ್ರ ಬಂದು ಉಳಿದರು. ವಯಸ್ಸು ಇಪ್ಪತ್ತೆರಡರ ಆಸುಪಾಸು. ನೊಬೆಲ್ ಬಂದದ್ದು 1913ರಲ್ಲಿ, ಇನ್ನೂ ಬಹಳ ದೂರ.

ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋದದ್ದು, ಗುಡ್ಡದ ಕೋಟೆಯ ಬಳಿ ಇಳಿದು ರೈತನೊಬ್ಬನ ಗುಡಿಸಿದ ಅಂಗಳದಲ್ಲಿ ಕೂತು ತಂದ ಬುತ್ತಿ ಉಂಡದ್ದು, ತಿರುಗಿ ಬರುವಾಗ ತಡವಾಗಿ ಅಳಿವೆಯಲ್ಲೇ ದೋಣಿ ಬಿಟ್ಟು ಮರಳ ಮೇಲೆ ಮನೆತನಕ ನಡೆದದ್ದು, ಎಲ್ಲವನ್ನೂ ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. 'ಪ್ರಕೃತಿರ್ ಪ್ರತಿಶೋಧ್' ನಾಟಕ ಹುಟ್ಟಿದ್ದೂ ಇಲ್ಲೇ. ಖರ್ಚು ಎಷ್ಟಾಯಿತು ಅಂದರೆ ದೋಣಿ ಬಾಡಿಗೆ ಮತ್ತು ಬುತ್ತಿ, ಅಷ್ಟೆ. ಕಡಲತೀರಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಈಗಿನ ಆರಾಮಿಗೆ ಹೋಂಸ್ಟೇ ಎಂದು ಹೆಸರು. ಮಕ್ಕಳು ಮುಂಬಯಿ, ಬೆಂಗಳೂರು ಸೇರಿದ ಮೇಲೆ ಹಿರಿಯರಿಬ್ಬರೇ ಉಳಿದ ಹಳೇ ಮನೆಗಳು ಅನೇಕ. ಉಪ್ಪುಗಾಳಿಗೆ ಕಿಟಕಿ ಸರಳು ತುಕ್ಕು ಹಿಡಿಯುತ್ತದೆ, ಪ್ರತಿ ಮಳೆಗಾಲಕ್ಕೆ ಮುಂಚೆ ಹಂಚು ನೋಡಿಸಬೇಕು, ಪಕಾಸಿಗೆ ಗೆದ್ದಲು ಬೇರೆ. ಎರಡು ಕೋಣೆ ಪ್ರವಾಸಿಗರಿಗೆ ಕೊಟ್ಟರೆ ಮನೆಯಾದರೂ ನಿಲ್ಲುತ್ತದಲ್ಲ ಎಂಬುದು ಲೆಕ್ಕ. ತಪ್ಪೇನೂ ಇಲ್ಲ. ಬಂದವರಿಗೂ ಬೇಕಾದ್ದು ಅದೇ: ಕುಚ್ಚಲಕ್ಕಿ ಗಂಜಿ, ಮುರುಗಲ ಕಡಿ, ಬಳಚಿನ ಪಲ್ಯ, ಮಧ್ಯಾಹ್ನ ಒಂದು ಗಟ್ಟಿ ನಿದ್ದೆ. ಯಜಮಾನ ಸಂಸಾರ ಅದೇ ಸೂರಿನಡಿ ಇದ್ದರೆ ಅದು ಹೋಂಸ್ಟೇ. ಕೀಲಿ ಕೊಟ್ಟು ನಾಪತ್ತೆಯಾದರೆ ಅದು ಲಾಡ್ಜು, ಬೋರ್ಡು ಏನೇ ಬರೆದಿರಲಿ.

ಸರಕಾರವೂ ಹಿಂದೆ ಬಿದ್ದಿಲ್ಲ. 1980ರಲ್ಲಿ ಹುಟ್ಟಿದ ಜಂಗಲ್ ಲಾಡ್ಜಸ್ ಸಂಸ್ಥೆ, ಹೆಸರಲ್ಲಿ ಕಾಡಿದ್ದರೂ, ಕಾಳಿ ಅಳಿವೆಯಾಚೆ ದೇವಬಾಗದ ಗಾಳಿಮರಗಳ ನೆರಳಲ್ಲಿ ಕುಟೀರಗಳನ್ನು ಕಟ್ಟಿತು.

ಆದರೆ ಕುಟೀರದ ಬಾಡಿಗೆ ಕೊಡಲಾರದವನಿಗೆ ಉಳಿದದ್ದು ಬರೀ ಮರಳು. ಆ ಮರಳೂ ಕಡಿಮೆಯಾಗುತ್ತ ಬಂತು. ದಕ್ಷಿಣಕ್ಕೆ ಸೀಬರ್ಡ್ ನೌಕಾನೆಲೆ: 1986ರಲ್ಲಿ ಅಡಿಗಲ್ಲು, 2005ರಲ್ಲಿ ಕದಂಬ ನೆಲೆಯ ಉದ್ಘಾಟನೆ. ದೇಶದ ಕೆಲಸ, ಸರಿ. ಅದಕ್ಕಾಗಿ ಕಾರವಾರ, ಅಂಕೋಲೆಯ ಎಷ್ಟೋ ಸಂಸಾರಗಳು ಕಡಲಂಚಿನ ಮನೆ ಬಿಟ್ಟು ಎದ್ದವು. ಅವರ ಅಂಗಳದಲ್ಲಿ ಯಾರೂ ರಜೆ ಕಳೆಯುವಂತಿಲ್ಲ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಗೆ ಟಾಗೋರ್ ತೀರದ ಕಡೆ ಕೆಲಸ ಶುರುವಾದಾಗ ಮೀನುಗಾರರು ಬೀದಿಗಿಳಿದರು. ಕಾರವಾರ ಬಂದ್ ಆಯಿತು. ಆರಾಮಿಗೆಂದು ಒಂದು ದಿನವೂ ಬಾಗಿಲು ಹಾಕದ ಪೇಟೆ, ಮರಳು ಉಳಿಸಲು ಹಾಕಿತು! ಬಲೆ ಒಣಗಿಸುವವನಿಗೂ ಸಂಜೆ ಕಡಲೆ ತಿನ್ನಲು ಬರುವವನಿಗೂ ಇರುವುದು ಅದೊಂದೇ ಮರಳು ಎಂಬುದು ಅಂದು ಪೇಟೆಗೂ ಹೊಳೆದಿತ್ತು.

ಕಡಲಿಗೆ ತೀರಾ ಹತ್ತಿರ ಕಟ್ಟುವುದಕ್ಕೂ ಕಾನೂನಿದೆ. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ 1991ರದು. ಹಳ್ಳಿಗಾಡಿನ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಬೇಡ ಅಂದಿತು. 2019ರ ಅಧಿಸೂಚನೆ ಜನದಟ್ಟಣೆಯ ಹಳ್ಳಿಗಳಿಗೆ ಅದನ್ನು 50 ಮೀಟರಿಗೆ ಇಳಿಸಿತು. "ಅಲೆ ಹಾಸಿಗೆಗೇ ಬರುತ್ತೆ ಸಾರ್" ಅಂತ ಹೇಳಿ ಕೋಣೆ ಕೊಡುವವರಿದ್ದರೆ ಸ್ವಲ್ಪ ಜೋಕೆ. ಮಳೆಗಾಲದಲ್ಲಿ ಅದು ನಿಜವಾಗಿಯೂ ಬರುತ್ತದೆ.

ನೀರಿನ ವಿಷಯದಲ್ಲಿ ಆರಾಮ ಬೇಡ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ದೋಣಿಯಲ್ಲಿ ಜನ ಕಿಕ್ಕಿರಿದಿದ್ದರು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ 4 ಹುಡುಗಿಯರು ಅಲೆಗೆ ಸಿಕ್ಕರು. ಜಾಕೆಟ್ ಕೊಡದ ದೋಣಿಯವನಿಗೆ "ಬೇಡಪ್ಪಾ" ಅನ್ನಲು ನಾಚಿಕೆ ಏಕೆ? ಜೂನ್, ಜುಲೈನಲ್ಲಂತೂ ಯಾಂತ್ರಿಕ ದೋಣಿಗಳೇ ಮೀನುಗಾರಿಕೆ ನಿಷೇಧಕ್ಕೆ ತಲೆಬಾಗಿ ದಡದಲ್ಲಿರುತ್ತವೆ.

ಹೋಗಬೇಕೆನ್ನುವ ಬಸ್ ಪ್ರಯಾಣಿಕರಿಗೆ ಒಂದು ಮಾತು. ಸದಾಶಿವಗಡ ಕಡೆ ದಾಟುವಾಗ ಬಲಗಡೆ, ಎಡಗಡೆ ನೋಡಿ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಕುಸಿದು, ಮೇಲಿದ್ದ ಲಾರಿ ನದಿಗೆ ಬಿತ್ತು. ಚಾಲಕ ಬದುಕಿದ್ದು ಪುಣ್ಯ. ಪಕ್ಕದ ಹೊಸ ಸೇತುವೆಯೇ ಆಮೇಲೆ ಎರಡೂ ದಿಕ್ಕಿನ ಭಾರ ಹೊತ್ತಿತು.

ಕೋಣೆ ಹಿಡಿಯುವ ಮುನ್ನ ಕೇಳಬೇಕಾದ್ದು ಇಷ್ಟು: ಯಜಮಾನರು ಮನೆಯಲ್ಲಿರ್ತಾರಾ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯಾ, ಬಾವಿ ನೀರು ಉಪ್ಪಾ ಸಿಹಿಯಾ, ಊಟ ಸೇರಿಸಿ ಎಷ್ಟು. ಶನಿವಾರ, ಭಾನುವಾರ ಬಿಟ್ಟು ಮಂಗಳವಾರ, ಬುಧವಾರ ಕೇಳಿದರೆ ಚೌಕಾಶಿಗೆ ಜಾಗ ಇರುತ್ತದೆ. ಅಂಗಡಿಕಾರರಿಗೆ ಇದನ್ನು ಬೇರೆ ಹೇಳಿಕೊಡಬೇಕೇ?