ರೈತರ ಬ್ಯಾಂಕು

ಹಳೆಯ ಕಟ್ಟಡವೆಂದೊಡನೆ ನಾವು ಗುಡಿ, ಕೋಟೆ, ಅರಮನೆಗಳನ್ನು ನೆನೆಯುತ್ತೇವೆ; ಹಣವೆಣಿಸುವ ಮನೆಯನ್ನು ನೆನೆಯುವುದಿಲ್ಲ. ಆದರೆ ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿ, ಮಿನ್ನೆಸೋಟ ಸಂಸ್ಥಾನದ ಒವಟೋನವೆಂಬ ಸಣ್ಣ ಪಟ್ಟಣವು ದೂರದವರೆಗೆ ಹೆಸರಾಗಿರುವುದು ಒಂದು ಬ್ಯಾಂಕಿನ ಕಟ್ಟಡದಿಂದ.

ಬ್ಯಾಂಕುಗಳೆಲ್ಲ ಗ್ರೀಕರ ದೇವಾಲಯಗಳಿಂದ ಕಂಬಗಳನ್ನು ಎರವಲು ತರುತ್ತಿದ್ದ ಕಾಲವದು. ಒವಟೋನದ ರೈತರ ಬ್ಯಾಂಕನ್ನು ನಡೆಸುತ್ತಿದ್ದ ಕಾರ್ಲ್ ಬೆನೆಟ್ ಎಂಬಾತನಿಗೆ ಅದು ಒಗ್ಗಲಿಲ್ಲ. ಷಿಕಾಗೋದ ಲೂಯಿ ಸಲಿವನ್ನನ ಲೇಖನವೊಂದನ್ನು ಓದಿ, ಕೆಲಸವನ್ನು ಅವನಿಗೇ ಒಪ್ಪಿಸಿದನು. ಸಲಿವನ್ನನಾದರೋ ಹಿಂದೆ ಗಗನಚುಂಬಿ ಸೌಧಗಳನ್ನು ಕಟ್ಟಿ ಕೀರ್ತಿ ಪಡೆದು, ಆಗ ಕೆಲಸವಿಲ್ಲದೆ ಸೊರಗಿದ್ದವನು.

1908ರಲ್ಲಿ ಕಟ್ಟಡವು ಸಿದ್ಧವಾಯಿತು. ಕೆಂಗಲ್ಲಿನ ತಳಪಾದಿ, ಮೇಲೆ ನಾನಾ ಛಾಯೆಗಳ ಇಟ್ಟಿಗೆ, ಬೀದಿಗೆದುರಾದ ಎರಡು ಗೋಡೆಗಳಲ್ಲಿಯೂ ಒಂದೊಂದು ಭಾರಿ ಕಮಾನು, ಕಮಾನಿನ ತುಂಬ ಬಣ್ಣದ ಗಾಜು. ಎಲೆಬಳ್ಳಿಗಳ ಅಲಂಕಾರದಲ್ಲಿ ಬಹುಪಾಲು ಸಹಾಯಕನಾದ ಎಲ್ಮ್‌ಸ್ಲೀಯ ಕೈಚಳಕ. ಹೆಸರು ಬಂದುದು ಯಜಮಾನನಿಗೆ. ಒಳಗೋಡೆಯ ಚಿತ್ರಗಳಲ್ಲಿ ದೇವತೆಗಳಿಲ್ಲ, ವೀರರಿಲ್ಲ. ಹಸುಗಳು, ಕೊಯ್ಲಿನ ಹೊಲ. ಹಣ ಕಟ್ಟಲು ಬಂದ ರೈತನು ತಲೆಯೆತ್ತಿದರೆ ಕಾಣುವುದು ತನ್ನ ಬದುಕೇ! ಇದೇ ಈ ಕಟ್ಟಡದ ಹಿರಿಮೆಯೆಂದು ನಮಗೆ ತೋರುತ್ತದೆ.

ಅಂದವು ಬ್ಯಾಂಕನ್ನು ಉಳಿಸಲಿಲ್ಲ. ಮೊದಲನೆಯ ಮಹಾಯುದ್ಧದ ತರುವಾಯ ಬೆಳೆಗಳ ಬೆಲೆ ಕುಸಿಯಿತು, ರೈತರು ಕಂಗೆಟ್ಟರು. 1926ರಲ್ಲಿ ಬ್ಯಾಂಕು ಮುಳುಗಿತು. ಸಲಿವನ್ನನು 1924ರಲ್ಲಿಯೇ ಬಡತನದಲ್ಲಿ ತೀರಿಕೊಂಡಿದ್ದನು. ಬಳಿಕ ಅಲ್ಲಿಗೆ ಬಂದ ಮತ್ತೊಂದು ಬ್ಯಾಂಕಿನವರು 1940ರಲ್ಲಿ ಅನುಕೂಲದ ನೆಪದಿಂದ ಒಳಗಿನ ಅಲಂಕಾರವನ್ನು ಬಹುಮಟ್ಟಿಗೆ ಕಿತ್ತುಹಾಕಿದರು. ಹದಿನೆಂಟು ವರ್ಷ ಕಳೆಯುವುದರೊಳಗೆ, ಅದೇ ಬ್ಯಾಂಕಿನವರೇ ಹ್ಯಾರಿಸ್ ಎಂಬ ವಾಸ್ತುಶಿಲ್ಪಿಯನ್ನು ಕರೆಸಿ, ಕಟ್ಟಡದ ಜೀರ್ಣೋದ್ಧಾರ ಮಾಡಿಸಿದರು.